ಸುಳ್ಳು ಬಿಗಿ

ತರ್ಕಶಾಸ್ತ್ರದ ಮೊದಲ ಪುಟಗಳನ್ನಾದರೂ ತಿರುವಿದವರಿಗೆ ಹೇತ್ವಾಭಾಸವೆಂಬ ಶಬ್ದವು ಹೊಸದಲ್ಲ. ದೂರದ ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಮಂಜನ್ನೇ ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದರೆ ಅದು ಹೇತ್ವಾಭಾಸ. ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಇದನ್ನು ಬಾಯಿಪಾಠ ಮಾಡಿದ ಹುಡುಗರು ಆ ಒಂದು ಬೆಟ್ಟವನ್ನು ಬಿಟ್ಟು ಬೇರೆಡೆಯಲ್ಲಿ ಅದನ್ನು ಹುಡುಕಿದ್ದು ಅಪರೂಪ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ, ಶಾಸ್ತ್ರದ ಹೆಸರನ್ನೇ ಕೇಳದ ಒಬ್ಬ ವೃದ್ಧರು ಅದನ್ನು ಬಂದೂಕಿನ ಹೊಟ್ಟೆಯೊಳಗೆ ಕಂಡರು. ಅದೂ ತಮ್ಮ ಕೈಯಲ್ಲಿ ಬಂದೂಕಿಲ್ಲದೆ, ಹತ್ತು ಸಾವಿರ ಮೈಲಿಗೆ ಸಮೀಪದ ದೂರದಿಂದ ಕಂಡರು.

ಆರ್.ಎಚ್. ಎಂಬುದು ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಶಬ್ದದ ಮೊಟಕು. ಪೂರ್ವ ಪಾಕಿಸ್ತಾನವೆಂಬ ಪ್ರಾಂತವಿದ್ದ ಕಾಲದಲ್ಲಿ ಅಲ್ಲಿಂದ ಮನೆಮಾರು ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರವು ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೆಲೆ ಕೊಟ್ಟಿತು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. ಸುತ್ತ ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ನವರಾತ್ರಿಯಲ್ಲಿ ಉಳಿದ ಊರುಗಳಲ್ಲಿ ಬನ್ನಿಯ ಮಾತಾದರೆ ಇಲ್ಲಿ ದುರ್ಗೆಯ ಪೆಂಡಾಲಿನ ಢಾಕಿನ ಸದ್ದು. ಹವಾಲ್ದಾರರು ಬಂಗಾಳಿಯವರಲ್ಲ, ಅದೇ ತಾಲೂಕಿನ ಕನ್ನಡಿಗರು. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಆರ್ಮರರ್ ಆಗಿ, ಎಂದರೆ ಬಂದೂಕುಗಳ ದುರಸ್ತಿಯವರಾಗಿ, ದುಡಿದು ನಿವೃತ್ತರಾದ ಮೇಲೆ ಕ್ಯಾಂಪಿನ ಅಂಚಿನಲ್ಲಿ ಎರಡೆಕರೆ ಗದ್ದೆಯನ್ನು ಕೊಂಡು ಅಲ್ಲಿಯೇ ಮನೆ ಕಟ್ಟಿಕೊಂಡವರು. ಕ್ಯಾಂಪಿನ ಪಂಪುಸೆಟ್ಟು, ಹೊಲಿಗೆಯಂತ್ರ, ಗೋಡೆ ಗಡಿಯಾರಗಳೆಲ್ಲ ಒಂದಲ್ಲ ಒಂದು ಸಲ ಅವರ ಜಗಲಿಗೆ ಬಂದು ಹೋದವೇ. ಬಂದೂಕು ಮಾತ್ರ ಬರುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ನಮ್ಮ ದೇಶದಲ್ಲಿ ಬಂದೂಕನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಕೊಡಗಿನವರಿಗೆ ಬಂದೂಕನ್ನು ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು 2019ರಲ್ಲಿ ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿದರು; ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿಯ ಮನೆಗಳಲ್ಲಿ ಬಂದೂಕಿಗೆ ಹೂವೇರುತ್ತದೆ. ಸಿಂಧನೂರಿನ ಸೀಮೆಗೆ ಆ ಭಾಗ್ಯವೂ ಇಲ್ಲ, ಆ ಜವಾಬ್ದಾರಿಯೂ ಇಲ್ಲ. ಹೀಗಾಗಿ ಹವಾಲ್ದಾರರು ಆಯುಧಪೂಜೆಯಂದು ಪೂಜಿಸುತ್ತಿದ್ದ ಆಯುಧಗಳೆಂದರೆ ಎರಡು ಪಾನಾ, ಒಂದು ಕೈಗರಗಸ, ಮತ್ತು ತೆಳು ಉಕ್ಕಿನ ಎಸಳುಗಳುಳ್ಳ ಒಂದು ಫೀಲರ್ ಗೇಜು.

2024ರ ಆಯುಧಪೂಜೆಯ ಸಂಜೆ. ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಗಿದ್ದಿತು. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ಕಂಡಿಯನ್ನು ಮುಚ್ಚಿ ಪೈರನ್ನು ಉಳಿಸಿದ್ದರು. ಎಡದಂಡೆಯ ರೈತರೆಲ್ಲ ಆ ಕೆಲವು ದಿನ ಉಸಿರು ಬಿಗಿಹಿಡಿದಿದ್ದವರು. ಪೂಜೆಯ ಹೊತ್ತಿಗೆ ಗದ್ದೆಗಳು ಹಸುರಾಗಿದ್ದವು, ಜನರು ನಗುತ್ತಿದ್ದರು. ಕುಂಕುಮವಿಟ್ಟ ಪಾನಾಗಳ ಮುಂದೆ ಹವಾಲ್ದಾರರು ಕುಳಿತಿದ್ದಾಗ ಟೆಕ್ಸಾಸಿನಿಂದ ಅವರ ಸೋದರಳಿಯನ ವೀಡಿಯೋ ಕರೆ ಬಂದಿತು. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗಿನ ಒಂಬತ್ತೂವರೆ.

ಹುಡುಗನು, ಹುಡುಗನೇನು, ನಲವತ್ತು ದಾಟಿದವನು, ಅಲ್ಲಿಯ ಪೌರನಾಗಿ ನೆಲೆಯೂರಿದ ಇಂಜಿನಿಯರು. ಆ ಸೀಮೆಯಲ್ಲಿ ಕಾಡುಹಂದಿಗಳ ಕಾಟ ಹೇಳತೀರದು. ಬಿಡುವಿನ ದಿನಗಳಲ್ಲಿ ಸಂಗಡಿಗರೊಡನೆ ಹಂದಿಬೇಟೆಗೆ ಹೋಗುವುದನ್ನು ಅವನೂ ಕಲಿತಿದ್ದನು. ನಮಗೆ ವಿಚಿತ್ರವಾಗಿ ತೋರುವ ಸಂಗತಿಯೆಂದರೆ, ಅಲ್ಲಿ ಜನರು ತಮ್ಮ ರೈಫಲಿನ ನಳಿಗೆಯನ್ನು ತಾವೇ ಬದಲಾಯಿಸಿಕೊಳ್ಳುತ್ತಾರೆ. ಕ್ರಮಸಂಖ್ಯೆ ಕೊರೆದ ಒಡಲನ್ನೇ ಅಲ್ಲಿಯ ಕಾನೂನು ಬಂದೂಕೆಂದು ಎಣಿಸುವುದರಿಂದ ಹೊಸ ನಳಿಗೆಯನ್ನು ಅಂಚೆಯಲ್ಲಿ ತರಿಸಿ, ಮನೆಯ ಗ್ಯಾರೇಜಿನಲ್ಲಿ ಕೂಡಿಸಿಕೊಳ್ಳಬಹುದು. ಹುಡುಗನು ಅದನ್ನೇ ಮಾಡಿದ್ದನು. .308 ತೋಟಾದ ಹೊಸ ನಳಿಗೆ. ಹಬ್ಬವಾದ್ದರಿಂದ ಅದಕ್ಕೂ ಕುಂಕುಮವಿಟ್ಟಿದ್ದನು. ಮಧ್ಯಾಹ್ನ ಗುರಿಮೈದಾನಕ್ಕೆ ಹೋಗಿ ಗುಂಡು ಹಾರಿಸುವುದಿದ್ದಿತು. ಅದಕ್ಕೆ ಮುಂಚೆ ಮಾವನಿಗೆ ತೋರಿಸಿ ಒಂದು ಶಹಭಾಸ್‌ಗಿರಿ ಪಡೆಯಬೇಕೆಂಬ ಆಸೆ.

ಇಲ್ಲಿ ಬಂದೂಕಿನ ಒಳವ್ಯವಹಾರವನ್ನು ಕೊಂಚ ವಿವರಿಸದೆ ಗತ್ಯಂತರವಿಲ್ಲ, ವಾಚಕರು ತಾಳ್ಮೆಯಿಂದಿರಬೇಕು. ನಳಿಗೆಯ ಹಿಂಬದಿಯಲ್ಲಿ ತೋಟಾ ಕೂಡುವ ಕೋಣೆಯಿರುತ್ತದೆ. ಅದರ ಹಿಂದಿನಿಂದ ಬೋಲ್ಟೆಂಬ ಉಕ್ಕಿನ ಅಗುಳಿಯು ಮುಂದಕ್ಕೆ ಸರಿದು, ಹಿಡಿಯನ್ನು ಕೆಳಕ್ಕೆ ತಿರುಗಿಸಿದಾಗ ಭದ್ರವಾಗಿ ಕೂಡಿಕೊಳ್ಳುತ್ತದೆ. ತೋಟಾವು ಇನ್ನು ಮುಂದಕ್ಕೆ ಹೋಗದಂತೆ ಕೋಣೆಯಲ್ಲಿ ಅದನ್ನು ತಡೆಯುವ ಒಂದು ಸ್ಥಾನವಿದೆ. ಆ ಸ್ಥಾನದಿಂದ ಬೋಲ್ಟಿನ ಮೋರೆಯವರೆಗಿನ ಅಂತರಕ್ಕೆ ಹೆಡ್‌ಸ್ಪೇಸ್ ಎಂದು ಹೆಸರು. ಹಳೆಯ .303 ತೋಟಾಕ್ಕೆ ಬುಡದಲ್ಲಿ ಅಂಚು ಇರುವುದರಿಂದ ಅಂಚೇ ತಡೆ; .308ಕ್ಕೆ ಅಂಚಿಲ್ಲ, ಅದರ ಹೆಗಲೇ ತಡೆ. ಈ ಅಂತರವು ಕಡಿಮೆಯಾದರೆ ಬೋಲ್ಟು ಮುಚ್ಚುವುದಿಲ್ಲ. ಅದು ತೊಂದರೆಯೇ ಹೊರತು ಅಪಾಯವಲ್ಲ, ಬಂದೂಕೇ ಬೇಡವೆಂದು ಹೇಳಿದಂತಾಯಿತು. ಹೆಚ್ಚಾದರೆ ಬೋಲ್ಟು ಸುಖವಾಗಿ ಮುಚ್ಚುತ್ತದೆ. ಗುಂಡು ಹಾರಿದ ಕ್ಷಣದಲ್ಲಿ ತೋಟಾದ ಹಿತ್ತಾಳೆಯ ಮುಂಭಾಗವು ಉಬ್ಬಿ ಕೋಣೆಯ ಗೋಡೆಗೆ ಕಚ್ಚಿಕೊಳ್ಳುತ್ತದೆ, ಬುಡವು ಮಾತ್ರ ತೆರಪಿದ್ದಷ್ಟು ಹಿಂದಕ್ಕೆ ಜಗ್ಗುತ್ತದೆ. ನಡುವೆ ಹಿತ್ತಾಳೆ ಸೆಳೆದು ತೆಳ್ಳಗಾಗುತ್ತದೆ. .308 ತೋಟಾಕ್ಕೆ ನಿಗದಿಮಾಡಿದ ಒತ್ತಡದ ಮೇಲ್ಮಿತಿಯು ಚದರ ಅಂಗುಲಕ್ಕೆ 62,000 ಪೌಂಡು. ತೆಳುವಾದ ಹಿತ್ತಾಳೆ ಅಲ್ಲಿ ಹರಿದರೆ ಆ ಬಿಸಿಗಾಳಿಗೆ ಹಿಂದಕ್ಕೆ ದಾರಿಯಾಯಿತು. ಹಿಂದೆ ಇರುವುದು ಬಂದೂಕಿನವನ ಮುಖ.

ಆದಕಾರಣ ಅಳೆಯಲೇಬೇಕು. ಅಳೆಯಲು ಎರಡು ಉಕ್ಕಿನ ಗೇಜುಗಳು, ತೋಟಾದ ಆಕಾರದವು. ಗೋ ಎಂಬುದು .308ಕ್ಕೆ 1.630 ಅಂಗುಲ: ಅದನ್ನಿಟ್ಟರೆ ಬೋಲ್ಟು ಮುಚ್ಚತಕ್ಕದ್ದು. ನೋ-ಗೋ ಎಂಬುದು 1.634 ಅಂಗುಲ: ಅದನ್ನಿಟ್ಟರೆ ಮುಚ್ಚತಕ್ಕದ್ದಲ್ಲ. ಇವೆರಡರ ಅಂತರವು ಅಂಗುಲದ ಸಾವಿರದಲ್ಲಿ ನಾಲ್ಕು ಭಾಗ, ಬರೆಯುವ ಕಾಗದದ ಒಂದು ಹಾಳೆಯಷ್ಟು. ಮನುಸ್ಮೃತಿಯು ಅಳತೆಗಳ ಸರಣಿಯನ್ನು ಜಾಲಂಧ್ರದ ಬಿಸಿಲಿನಲ್ಲಿ ತೇಲುವ ಧೂಳಿನ ಕಣದಿಂದ, ತ್ರಸರೇಣುವಿನಿಂದ, ಆರಂಭಿಸುತ್ತದೆ. ಅಷ್ಟು ಚಿಕ್ಕದರಿಂದ ಎಣಿಕೆ ಏಕೆಂದು ಹಾಸ್ಯ ಮಾಡುವವರು ಒಮ್ಮೆ ಬಂದೂಕಿನ ಕಾರ್ಯಾಗಾರಕ್ಕೆ ಹೋಗಿಬರಬೇಕು.

“ಮಾವ, ನೋಡ್ರಿ. ಗೋ ಗೇಜಿಗೆ ಮುಚ್ಚತದ, ನೋ-ಗೋಗೆ ಮುಚ್ಚಂಗಿಲ್ಲ. ಒಂದೇ ಸಲಕ್ಕ ಬರೋಬರಿ ಬಂತು” ಎಂದನು ಹುಡುಗ.

“ಇನ್ನೊಂದು ಸಲ ತೋರಸಪ್ಪ, ಮೆಲ್ಲಕ.”

ಅವನು ತೋರಿಸಿದನು. ಗೋ ಗೇಜಿನ ಮೇಲೆ ಬೋಲ್ಟಿನ ಹಿಡಿಯನ್ನು ಬೆರಳಿನಿಂದ ಕೊಂಚ ಒತ್ತಿದನು, ಇಳಿಯಿತು. ನೋ-ಗೋ ಮೇಲೆ ಒತ್ತಿದನು, ಅರ್ಧಕ್ಕೆ ಬಂದು ತಡೆಯಿತು, ಬೆರಳು ತೆಗೆದನು. ಕೈಪಿಡಿಯಲ್ಲಿ ಹೇಳಿದಂತೆಯೇ. ಗೇಜಿನ ಮೇಲೆ ಎಂದೂ ಬಲ ಹಾಕಕೂಡದು, ತಡೆದಲ್ಲಿ ನಿಲ್ಲಿಸಬೇಕು ಎಂಬುದು ಎಲ್ಲ ಕೈಪಿಡಿಗಳ ಮಾತು, ಒಳ್ಳೆಯ ಮಾತೇ.

ಹವಾಲ್ದಾರರು ಶಹಭಾಸ್ ಎನ್ನಲಿಲ್ಲ. ಅವರ ಕಣ್ಣು ಕಂಡದ್ದು ನೋ-ಗೋ ನಿಂತದ್ದನ್ನಲ್ಲ, ಗೋ ಮುಚ್ಚಿದ ರೀತಿಯನ್ನು. “ಗೋ ಇಟ್ಟಾಗ ಅದನ್ನ್ಯಾಕ ಒತ್ತಿದಿ? ಹಿಡಿ ತಾನೇ ಬೀಳಬೇಕಲ್ಲ, ಅದರ ಭಾರಕ್ಕ ಅದು.”

“ಸ್ವಲ್ಪ ಬಿಗಿ ಅದರಿ. ಹೊಸದಲ್ಲಾ.”

“ಬೋಲ್ಟಿನ ಮಾರಿ ತೋರಸು.”

ಹುಡುಗನು ಬೋಲ್ಟನ್ನು ಹೊರಗೆಳೆದು ಫೋನಿನ ಕಣ್ಣಿಗೆ ಹಿಡಿದನು. ನಡುವೆ ಸೂಜಿಯ ರಂಧ್ರ. ಸೂಜಿಯನ್ನು ಅವನು ಮೊದಲೇ ಕಳಚಿಟ್ಟಿದ್ದನು, ಅಷ್ಟರಮಟ್ಟಿಗೆ ಓದಿಕೊಂಡಿದ್ದನು. ಆದರೆ ರಂಧ್ರದ ಪಕ್ಕದಲ್ಲಿ ಮೋರೆಯಿಂದ ಹೊರಕ್ಕೆ ಒಂದು ಪುಟ್ಟ ಮೊಳೆ ಚಾಚಿಕೊಂಡಿದ್ದಿತು. ಅದನ್ನು ಉಗುರಿನಿಂದ ಒತ್ತೆಂದರು. ಒತ್ತಿದನು, ಒಳಗೆ ಹೋಯಿತು, ಬಿಟ್ಟೊಡನೆ ನೆಗೆದು ಬಂದಿತು.

ಹವಾಲ್ದಾರರು ಅಂಥದನ್ನು ಆ ದಿನದವರೆಗೆ ಕಂಡವರಲ್ಲ. ಅವರ ಕೈಯಲ್ಲಿ ಹಾದುಹೋದ ಬಂದೂಕುಗಳು ಬಂಗಾಳದ ಇಷಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದವು: ಹಳೆಯ .303ಗಳು, ಅದೇ ಮಾದರಿಯಲ್ಲಿ 7.62 ಮಿ.ಮೀ. ತೋಟಾಕ್ಕಾಗಿ 1960ರ ದಶಕದಲ್ಲಿ ಮಾಡಿದ 2ಎ1, ಮತ್ತೆ ಎಸ್.ಎಲ್.ಆರ್. ಹಾರಿಸಿದ ತೋಟಾವನ್ನು ಹೊರಕ್ಕೆಸೆಯುವ ಎಜೆಕ್ಟರ್ ಆ ಬಂದೂಕುಗಳಲ್ಲಿ ಒಡಲಿಗೆ ಕೂತದ್ದು. .303ರಲ್ಲಂತೂ ಒಡಲಿನ ಎಡಗೋಡೆಯಲ್ಲಿ ತಲೆ ಹಾಕಿರುವ ಒಂದು ತಿರುಪು, ಅಷ್ಟೆ. ಬೋಲ್ಟನ್ನು ಹಿಂದಕ್ಕೆಳೆದಾಗ ಖಾಲಿ ತೋಟಾ ಅದಕ್ಕೆ ತಾಗಿ ಆಚೆ ಬೀಳುತ್ತದೆ. ಮುಚ್ಚಿದ ಬೋಲ್ಟಿನಲ್ಲಿ ಅದಕ್ಕೂ ತೋಟಾಕ್ಕೂ ಸಂಬಂಧವೇ ಇಲ್ಲ. ಹುಡುಗನ ಬಂದೂಕಿನಲ್ಲಾದರೋ ಎಜೆಕ್ಟರ್ ಬೋಲ್ಟಿನ ಮೋರೆಯಲ್ಲಿಯೇ, ಹಿಂದೊಂದು ಸ್ಪ್ರಿಂಗನ್ನು ಇಟ್ಟುಕೊಂಡು, ಮುಚ್ಚಿದಾಗಲೂ ತೋಟಾದ ಬುಡವನ್ನು ಒಂದೇ ಸಮನೆ ಮುಂದಕ್ಕೆ ನೂಕುತ್ತಿರುತ್ತದೆ. ಅಮೆರಿಕದಲ್ಲಿ 1948ರ ರೆಮಿಂಗ್ಟನ್ 721ರಲ್ಲಿಯೂ 1962ರಿಂದ ಬಂದ 700ರಲ್ಲಿಯೂ ಇದೇ ವ್ಯವಸ್ಥೆ. ಇದು ಹುಡುಗನಿಗೆ ತಿಳಿದಿದ್ದಿತು, ಮಾವನಿಗೆ ತಿಳಿದಿರಲಿಲ್ಲ.

“ಇದು ನನಗ ಗೊತ್ತಿಲ್ಲಪ್ಪ” ಎಂದರು ಹವಾಲ್ದಾರರು. “ಆದರ ಇವತ್ತು ಹೊಡಿಬ್ಯಾಡ. ನಾಳೆ ಬೆಳಿಗ್ಗೆ ಮಾತಾಡ್ತೀನಿ.”

“ನೋ-ಗೋ ಮುಚ್ಚಲಿಲ್ಲಲ್ರಿ ಮಾವ? ಇನ್ನೇನು ಬೇಕು? ಗೆಳೆಯಾರು ಕಾಯಕತ್ತಾರ.”

“ಒಂದು ದಿನ ಕಾಯಲಿ.”

ಹುಡುಗನು ಆಯಿತೆಂದನು. ಆ ಆಯಿತಿನಲ್ಲಿ ಮನಸ್ಸಿರಲಿಲ್ಲ. ಮುದುಕನ ಕಾಲದ ಬಂದೂಕು ಬೇರೆ, ತನ್ನದು ಬೇರೆ ಎಂದು ಅವನಿಗೆ ತೋರಿದ್ದರೆ ಆಶ್ಚರ್ಯವೇನೂ ಇಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡವರ ಮಾತನ್ನು ಕೇಳುವುದು ಎಷ್ಟು ಜನರಿಂದ ಸಾಧ್ಯ?

ಹವಾಲ್ದಾರರು ಗಟ್ಟಿಯಾಗಿ ಹೇಳದೆ ಬಿಟ್ಟ ಸಂಗತಿಯೊಂದಿದ್ದಿತು. ಅದು ಅವರ ಮನೆಯವರಿಗೂ ಅರ್ಧಂಬರ್ಧ ತಿಳಿದದ್ದು. ಸೇವೆಗೆ ಸೇರಿದ ಐದಾರು ವರ್ಷಗಳಲ್ಲಿ, ಹೊಸಬರ ತರಬೇತಿಗೆಂದು ಉಗ್ರಾಣದಿಂದ ತೆಗೆದ .303 ರೈಫಲುಗಳನ್ನು ಪರೀಕ್ಷಿಸುವ ಕೆಲಸ ಅವರ ಪಾಲಿಗೆ ಬಂದಿದ್ದಿತು. ಒರಸಿ ಇಡುವಾಗ ಯಾರೋ ಬೋಲ್ಟುಗಳನ್ನು ಅದಲುಬದಲು ಮಾಡಿದ್ದರು. ಒಂದೊಂದು ಒಡಲಿಗೆ ಒಂದೊಂದು ಬೋಲ್ಟನ್ನು ಹೊಂದಿಸಿ ಸಂಖ್ಯೆ ಕೊರೆದಿರುತ್ತಾರೆ. ಬದಲಾದರೆ ತೆರಪೂ ಬದಲು. .303ಕ್ಕೆ ಕೆಳಮಿತಿ 0.064 ಅಂಗುಲ, ಮೇಲ್ಮಿತಿ 0.074. ಯುವಕ ಆರ್ಮರರು ಮೇಲ್ಮಿತಿಯ ಗೇಜನ್ನಿಟ್ಟು ಹಿಡಿಯನ್ನು ಬೆರಳಿನಿಂದ ಒತ್ತಿದರು, ತಡೆಯಿತು, ಸರಿಯೆಂದು ಸಹಿ ಹಾಕಿದರು. ತಡೆದದ್ದು ಉಕ್ಕಲ್ಲ, ಬೋಲ್ಟಿನ ಮೋರೆಯ ಮೂಲೆಯಲ್ಲಿ ವರ್ಷಗಟ್ಟಲೆ ಒಣಗಿ ಅರಗಿನಂತಾಗಿದ್ದ ಗ್ರೀಸು. ಮೈದಾನದಲ್ಲಿ ನಾಲ್ಕು ಗುಂಡು ಹಾರುವಷ್ಟರಲ್ಲಿ ಆ ಗ್ರೀಸು ಕರಗಿ ಹೋಯಿತು. ಐದನೆಯದರಲ್ಲಿ ತೋಟಾ ಬುಡದ ಮೇಲೆ ಹರಿಯಿತು. ಹತ್ತೊಂಬತ್ತರ ಹುಡುಗನೊಬ್ಬನ ಹುಬ್ಬು ರೆಪ್ಪೆಗಳು ಸುಟ್ಟವು; ಹಿತ್ತಾಳೆಯ ಒಂದು ಚೂರು ಕಣ್ಣಿನ ಅಂಚಿಗೆ ಹೊಕ್ಕಿತು. ಕಣ್ಣು ಉಳಿಯಿತು, ನೋಟ ಪೂರ್ಣವಾಗಿ ಉಳಿಯಲಿಲ್ಲ. ವಿಚಾರಣೆಯಲ್ಲಿ ಬೋಲ್ಟು ಬದಲಿಸಿದವನ ಮೇಲೆ ತಪ್ಪು ಬಿದ್ದಿತು. ಗೇಜು ಹಿಡಿದವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಮನಸ್ಸು ಹಗುರಾಗುತ್ತಿತ್ತೋ ಏನೋ. ಅಂದಿನಿಂದ ಅವರು ಬೋಲ್ಟಿನ ಮೋರೆಯನ್ನು ಬಟ್ಟೆಯಿಂದ ಒರಸಿ, ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ನೋಡದೆ ಗೇಜನ್ನು ಮುಟ್ಟಿದವರಲ್ಲ.

ಅಂದರೆ ಅವರಿಗೆ ಒಂದು ಶಂಕೆ ಇದ್ದಿತು, ಪ್ರಮಾಣವಿರಲಿಲ್ಲ. ಗ್ರೀಸು ಸುಳ್ಳು ಹೇಳಬಲ್ಲದಾದರೆ ಸ್ಪ್ರಿಂಗು ಹೇಳಲಾರದೆ? ಬಂದೂಕಂತೂ ಕೈಯಲ್ಲಿಲ್ಲ. ಅವರು ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಅದರ ಕಬ್ಬಿಣದ ಚಿಲಕವನ್ನು ನೋಡಿದರು. ಚಿಲಕದ ಸಲಾಕೆ ಚೌಕಟ್ಟಿನ ತೂತಿಗೆ ಹೋಗಿ ತಳಕ್ಕೆ ತಾಗುತ್ತದೆ: ಅದೇ ಬೋಲ್ಟು, ಅದೇ ಕೋಣೆ. ತೂತಿನೊಳಕ್ಕೆ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಹಾಕಿ ಸಲಾಕೆಯನ್ನು ನೂಕಿದರು. ಅದು ತೀರ ಮೆತು; ತಿಳಿಯದೆಯೇ ಒತ್ತಿಹೋಯಿತು. ಬಿಗಿಯಾದ ಸ್ಪ್ರಿಂಗು ಬೇಕು.

ಅಷ್ಟು ಹೊತ್ತಿನಲ್ಲಿ, ಪೂಜೆಯ ದಿನ, ಅಂಗಡಿ ಯಾವುದು ತೆರೆದಿರುತ್ತದೆ? ಪೆಂಡಾಲಿಗೆ ಹೋದರು. ಸೈಕಲ್ ಅಂಗಡಿಯ ಬಂಗಾಳಿ ಗೃಹಸ್ಥರು ಹೊಸ ಧೋತರವುಟ್ಟು ಪ್ರಸಾದ ಹಂಚುವ ಸಾಲಿನಲ್ಲಿದ್ದರು. “ಹವಾಲ್ದಾರ್ ಸಾಬ್, ದುರ್ಗಾಮಾಯಿ ಮುಂದೆ ನಿಂತು ಸ್ಪ್ರಿಂಗ್ ಕೇಳ್ತೀರಲ್ಲಾ!” ಎಂದು ನಕ್ಕು, ಆದರೂ ಸೌಟನ್ನು ಮಗನ ಕೈಗೆ ಕೊಟ್ಟು ಬಂದು ಅಂಗಡಿಯ ಕದ ತೆರೆದರು. ಡಬ್ಬಿಯೊಂದನ್ನು ಸುರಿದು, ಯಾವುದೋ ಹಳೆಯ ಬೀಗದ ಹೊಟ್ಟೆಯಿಂದ ಬಂದ ಗಿಡ್ಡ ಸ್ಪ್ರಿಂಗೊಂದನ್ನು ಆರಿಸಿದರು. ಕಾಸು ತೆಗೆದುಕೊಳ್ಳಲಿಲ್ಲ, ಆಮೇಲೆ ಹಿಂದಕ್ಕೆ ಕೊಟ್ಟರಾಯಿತೆಂದರು.

ಹವಾಲ್ದಾರರು ದೀಪವನ್ನು ಮರೆಮಾಡಿ, ಕಣ್ಣು ಮುಚ್ಚಿ, ಒಂದೇ ಬೆರಳಿನಿಂದ ಚಿಲಕವನ್ನು ಮೆಲ್ಲನೆ ನೂಕಿದರು. ತಾಗಿತು. ಇಲ್ಲಿಗೆ ತಳವೆಂದು ಬೆರಳು ಹೇಳಿತು. ಕಣ್ಣು ತೆರೆದು ನೋಡಿದರೆ ಸಲಾಕೆಯ ಹಿಡಿಗೂ ಅದರ ಕೊನೆಯ ತಾಣಕ್ಕೂ ನಡುವೆ ಇನ್ನೂ ಎಡೆಯಿದೆ; ಫೀಲರ್ ಗೇಜಿನ ಮೂರು ಎಸಳುಗಳು ಒಟ್ಟಿಗೆ ಹೊಕ್ಕವು. ಹತ್ತು ಸಲ ಮಾಡಿದರು. ಹತ್ತು ಸಲವೂ ಬೆರಳು ಸುಳ್ಳು ಹೇಳಿತು. ಸ್ಪ್ರಿಂಗನ್ನು ತೆಗೆದು ಮಾಡಿದರು. ಸಲಾಕೆ ತಡೆಯಿಲ್ಲದೆ ಜಾರಿ, ತಳ ತಾಗಿ ಟಕ್ಕೆಂದಿತು. ಕಬ್ಬಿಣಕ್ಕೆ ಕಬ್ಬಿಣ ಮುಟ್ಟಿದ ಸದ್ದು ಅವರಿಗೆ ಚಿರಪರಿಚಿತವಾದದ್ದು. ಹಿತ್ತಿಲಲ್ಲಿ ಕುಳಿತಿದ್ದ ಅವರ ಪತ್ನಿಯವರು, “ಹಬ್ಬದ ದಿನ ಬಾಗಿಲಿಗೇನಾತು?” ಎಂದು ಎರಡು ಸಲ ಕೇಳಿದರು, ಉತ್ತರ ಬರಲಿಲ್ಲ.

ಈಗ ಎರಡು ತಪ್ಪುಗಳೂ ಸ್ಪಷ್ಟವಾದವು. ಅವು ಒಂದರ ಹಿಂದೆ ಒಂದು ಅಡಗಿದ್ದವು. ಹುಡುಗನು ಗೋ ಗೇಜನ್ನಿಟ್ಟು ಬೋಲ್ಟು ಮುಚ್ಚಿ, ನಳಿಗೆಯನ್ನು ಮುಂದಿನಿಂದ ಮರೆಯ ಮೇಲೆ ತಿರುಗಿಸುತ್ತ ಬಂದಿದ್ದಾನೆ. ತಾಗಿದೊಡನೆ ನಿಲ್ಲಿಸಿ ಹೊರನಟ್ಟನ್ನು ಬಿಗಿದಿದ್ದಾನೆ. ಆದರೆ ಎಜೆಕ್ಟರಿನ ಸ್ಪ್ರಿಂಗು ಗೇಜನ್ನು ಬೋಲ್ಟಿನ ಮೋರೆಯಿಂದ ಮುಂದಕ್ಕೆ ಎತ್ತಿ ಹಿಡಿದಿದ್ದಿತು. ಅವನ ಕೈಗೆ ತಾಗಿದ್ದು ಉಕ್ಕಿನ ಬಿಗಿಯಲ್ಲ, ಸ್ಪ್ರಿಂಗಿನ ಬಿಗಿ. ನಳಿಗೆ ಇನ್ನೂ ಕೊಂಚ ಒಳಗೆ ಬರಬೇಕಾದದ್ದು ಹೊರಗೇ ನಿಂತಿತು, ತೆರಪು ಹೆಚ್ಚಾಯಿತು. ಇದು ಮೊದಲನೆಯದು. ಹೆಚ್ಚಾದ ತೆರಪನ್ನು ಹಿಡಿದುಕೊಡಬೇಕಾದದ್ದು ನೋ-ಗೋ ಗೇಜು. ಅದನ್ನಿಟ್ಟಾಗಲೂ ಅದೇ ಸ್ಪ್ರಿಂಗು ಎದುರೊತ್ತಿತು. ಬಲ ಹಾಕಬಾರದೆಂಬ ಸದುಪದೇಶವನ್ನು ನೆನೆದು ಹುಡುಗನು ಅಲ್ಲಿಗೇ ಕೈ ತೆಗೆದನು. ಕಳ್ಳನೇ ಪಂಚನಾಮೆಗೆ ಸಾಕ್ಷಿ ಹಾಕಿದಂತಾಯಿತು. ಕೆಲವು ಗೇಜುಗಳ ಬುಡದಲ್ಲಿ ಎಜೆಕ್ಟರಿಗೆಂದು ಒಂದು ಕಚ್ಚು ಬಿಟ್ಟಿರುತ್ತಾರೆ. ಇವನದರಲ್ಲಿ ಅದೂ ಇರಲಿಲ್ಲ.

ಬೆಳಗಿನ ಆರಕ್ಕೆ ಹವಾಲ್ದಾರರೇ ಕರೆ ಮಾಡಿದರು. ಅಲ್ಲಿ ಅದೇ ದಿನದ ಸಂಜೆ ಏಳೂವರೆ. ಚಿಲಕವನ್ನೂ ಸ್ಪ್ರಿಂಗನ್ನೂ ಫೋನಿನ ಮುಂದೆ ಆಡಿಸಿ ತೋರಿಸಿದರು. ಹುಡುಗನು ಇಂಜಿನಿಯರೇ ತಾನೆ. ಎರಡನೆಯ ಸಲ ತೋರಿಸುವ ಮೊದಲೇ ಅವನ ಮುಖ ಬದಲಾಯಿತು.

“ತಗೀ ಅದನ್ನ” ಎಂದರು ಮಾವ.

ಎಜೆಕ್ಟರನ್ನು ತೆಗೆಯುವುದು ದೊಡ್ಡ ವಿದ್ಯೆಯಲ್ಲ, ಆದರೆ ಆತುರಗಾರರದಲ್ಲ. ಬೋಲ್ಟಿನ ತಲೆಯಲ್ಲಿ ಅಡ್ಡಲಾಗಿ ಒಂದು ಸಣ್ಣ ಪಿನ್ನು ಹೋಗಿ ಆ ಮೊಳೆಯನ್ನು ಹಿಡಿದಿರುತ್ತದೆ. ಮೊಳೆಯನ್ನು ಕೊಂಚ ಒಳಕ್ಕೊತ್ತಿ ಪಿನ್ನಿನ ಮೇಲಿನ ಭಾರವನ್ನು ಇಳಿಸಿ, ಸರಿಯಾದ ದಪ್ಪದ ಪಂಚಿನಿಂದ ಪಿನ್ನನ್ನು ತಟ್ಟಿ ಹೊರಡಿಸಬೇಕು. ಪಿನ್ನು ಬಂದೊಡನೆ ಸ್ಪ್ರಿಂಗು ಮೊಳೆಯನ್ನು ಎಸೆಯುತ್ತದೆ. ಎಸೆದದ್ದು ಗ್ಯಾರೇಜಿನ ಯಾವ ಮೂಲೆಗೆ ಹೋಯಿತೆಂದು ಬ್ರಹ್ಮನಿಗೂ ತಿಳಿಯದು. ಆದುದರಿಂದ ಮೋರೆಯ ಮೇಲೆ ಬಟ್ಟೆ ಮುಚ್ಚಿರಬೇಕು, ಕಣ್ಣಿಗೆ ಕನ್ನಡಕವಿರಬೇಕು. ಹುಡುಗನ ಹೆಂಡತಿ ಬಟ್ಟೆ ಹಿಡಿದಳು. ಮೂರು ಪೆಟ್ಟಿಗೆ ಪಿನ್ನು ಬಂದಿತು. ಮೊಳೆಯೂ ಸ್ಪ್ರಿಂಗೂ ಬಟ್ಟೆಯಲ್ಲಿ ಸಿಕ್ಕವು. ಚಿಕ್ಕ ಬಟ್ಟಲಲ್ಲಿ ಹಾಕಿ ದೂರವಿಡೆಂದರು ಹವಾಲ್ದಾರರು. ತೋಟಾವನ್ನು ಕಚ್ಚುವ ಎಕ್ಸ್‌ಟ್ರಾಕ್ಟರ್ ಅಡ್ಡಬರದಂತೆ ಗೇಜನ್ನು ಮೊದಲು ಅದರ ಕೊಂಡಿಗೆ ಸಿಕ್ಕಿಸಿಕೊಂಡೇ ಬೋಲ್ಟನ್ನು ಸೇರಿಸಲು ಹೇಳಿದರು.

“ಮೊದಲು ನೋ-ಗೋ ಇಡು. ಏನೂ ಕಳಚಬ್ಯಾಡ. ನಿನ್ನೆ ಹ್ಯಾಂಗ ಬಿಗಿದಿದ್ದಿಯೋ ಹಂಗೇ.”

ಹುಡುಗನು ನೋ-ಗೋ ಗೇಜನ್ನಿಟ್ಟು ಬೋಲ್ಟನ್ನು ಮುಂದಕ್ಕೆ ಸರಿಸಿ ಕೈಬಿಟ್ಟನು. ಹಿಡಿಯು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಕುಳಿತಿತು.

ಸ್ವಲ್ಪ ಹೊತ್ತು ಎರಡು ಕಡೆಯೂ ಮಾತಿರಲಿಲ್ಲ. ಪೆಂಡಾಲಿನಿಂದ ಬೆಳಗಿನ ಢಾಕು ಕೇಳಿಸುತ್ತಿದ್ದಿತು. ಅದು ಫೋನಿನಲ್ಲಿ ಟೆಕ್ಸಾಸಿಗೂ ಕೇಳಿಸಿರಬೇಕು.

ಎಷ್ಟು ಹೆಚ್ಚಾಗಿದೆಯೆಂದು ತಿಳಿಯಲು ಗೇಜಿನ ಬುಡಕ್ಕೆ ಪಾರದರ್ಶಕ ಅಂಟುಪಟ್ಟಿಯನ್ನು ಒಂದೊಂದೇ ಪದರವಾಗಿ ಹಚ್ಚಿ ನೋಡಿದರು. ಒಂದು ಪದರ ಸುಮಾರು ಸಾವಿರದಲ್ಲೆರಡು ಅಂಗುಲ. ಒಂದಕ್ಕೂ ಮುಚ್ಚಿತು, ಎರಡಕ್ಕೆ ನಿಂತಿತು. ಅಂದರೆ ತೆರಪು 1.636ಕ್ಕೂ ಮೇಲೆ. ಮೊದಲ ಗುಂಡಿಗೇ ತೋಟಾ ಹರಿಯುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಬಳಸಿ ಸವೆದ ಬಂದೂಕಿಗೆ 1.638ರವರೆಗೂ ಅವಕಾಶ ಕೊಡುವ ಮೂರನೆಯದೊಂದು ಗೇಜೂ ಇದೆ. ಆದರೆ ಹುಡುಗನು ಮಿತವ್ಯಯಿ. ಹಾರಿಸಿದ ಹಿತ್ತಾಳೆಯನ್ನೇ ಆಯ್ದು ತಂದು ಮತ್ತೆ ಮದ್ದು ತುಂಬುವವನು. ಒಂದೇ ಹಿತ್ತಾಳೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಸೆಳೆಯುತ್ತ ಹೋಗುತ್ತಿತ್ತು. ಮೂರನೆಯ ಸಲವೋ ಐದನೆಯ ಸಲವೋ, ನೋ-ಗೋ ಮುಚ್ಚಿಲ್ಲವೆಂಬ ಧೈರ್ಯದಿಂದ ಕೆನ್ನೆಯನ್ನು ದಿಮ್ಮಿಗಿಟ್ಟು ಗುರಿ ನೋಡುತ್ತಿರುವಾಗ ಅದು ಹರಿಯುತ್ತಿತ್ತು. ಹವಾಲ್ದಾರರು ಇದನ್ನು ಹುಡುಗನಿಗೆ ವಿವರಿಸಲಿಲ್ಲ. ಕಣ್ಣು ಸುಟ್ಟುಕೊಂಡ ಆ ಹತ್ತೊಂಬತ್ತರ ಹುಡುಗನ ಕಥೆಯನ್ನು ಮಾತ್ರ ಮೊದಲ ಸಲ ಪೂರ್ತಿಯಾಗಿ ಹೇಳಿದರು. ಗೇಜು ಹಿಡಿದಿದ್ದ ಕೈ ಯಾರದೆಂಬುದನ್ನೂ ಹೇಳಿದರು.

ಮುಂದಿನ ಕೆಲಸ ಅರ್ಧ ಗಂಟೆಯದು. ನಟ್ಟನ್ನು ಸಡಿಲಿಸಿ, ಗೋ ಗೇಜನ್ನಿಟ್ಟು, ನಳಿಗೆಯನ್ನು ತಿರುಗಿಸಿದರೆ ಈ ಸಲ ತಾಗಿದ ಗುಣವೇ ಬೇರೆ. ಮೆತ್ತಗೆ ಎದುರೊತ್ತದೆ ಒಮ್ಮೆಗೇ ನಿಂತಿತು. ನಟ್ಟನ್ನು ಬಿಗಿಯುವಾಗ ಮರೆಗಳ ಸಂದು ತುಂಬಿ ನಳಿಗೆ ಕೂದಲೆಳೆಯಷ್ಟು ಮುಂದಕ್ಕೆ ಸೆಳೆಯುವುದುಂಟು. ಆದುದರಿಂದ ಬಿಗಿದ ಮೇಲೆ ಮತ್ತೊಮ್ಮೆ ನೋಡೆಂದರು. ಗೋ ಮೇಲೆ ಹಿಡಿ ತಾನೇ ಇಳಿಯಿತು. ನೋ-ಗೋ ಮೇಲೆ ಮೇಲಕ್ಕೇ ನಿಂತಿತು, ಬೆರಳು ಸೋಕಿದರೂ ಅಲುಗಲಿಲ್ಲ. ಬಳಿಕ ಬಟ್ಟಲಿನಿಂದ ಸ್ಪ್ರಿಂಗನ್ನೂ ಮೊಳೆಯನ್ನೂ ತೆಗೆದು ಮತ್ತೆ ಬೋಲ್ಟಿಗೆ ಸೇರಿಸಿದ್ದಾಯಿತು. ಅಳೆಯುವಾಗ ಬೇಡವಾದ ಎಜೆಕ್ಟರು ಬೇಟೆಯಲ್ಲಿ ಬೇಕೇ ಬೇಕು. ಇಲ್ಲವಾದರೆ ಖಾಲಿ ತೋಟಾ ಬೋಲ್ಟಿಗೆ ನೇತುಬಿದ್ದು ಎರಡನೆಯ ಗುಂಡಿಗೆ ಎಡೆಯಿರುವುದಿಲ್ಲ.

ಮೂರನೆಯ ದಿನ ಹುಡುಗನು ಗುರಿಮೈದಾನದಿಂದ ಒಂದು ಚಿತ್ರ ಕಳುಹಿಸಿದನು: ಅಂಗೈಯಲ್ಲಿ ಹಾರಿಸಿದ ಹಿತ್ತಾಳೆ. ತಂತಿಯ ತುದಿಯನ್ನು ಬಗ್ಗಿಸಿ ಅದರ ಒಳಗೋಡೆಯನ್ನು ಬುಡದಿಂದ ಮೇಲಕ್ಕೆ ಕೆರೆದು ನೋಡು, ತೆಳುವಾಗಿದ್ದರೆ ತಂತಿ ಅಲ್ಲಿ ತಡೆಯುತ್ತದೆ ಎಂದು ಹವಾಲ್ದಾರರು ಬರೆದರು. ನೋಡಿದನು. ಎಲ್ಲಿಯೂ ತಡೆಯಲಿಲ್ಲವೆಂದು ಉತ್ತರ ಬಂದಿತು.

ಹವಾಲ್ದಾರರು ಅಂದು ಸಂಜೆ ಕ್ಯಾಂಪಿನ ಸೈಕಲ್ ಅಂಗಡಿಗೆ ಹೋಗಿ ಬೀಗದ ಸ್ಪ್ರಿಂಗನ್ನು ಹಿಂದಿರುಗಿಸಿದರು. ಬಾಲ್‌ಪೆನ್ನಿನದು ಎಲ್ಲಿಯೋ ಕಳೆದುಹೋಗಿದ್ದಿತು. ಹಿತ್ತಿಲ ಬಾಗಿಲಿನ ಚಿಲಕ ಕೆಲವು ದಿನ ಸರಿಯಾಗಿ ಕೂಡುತ್ತಿರಲಿಲ್ಲವೆಂದು ಅವರ ಪತ್ನಿಯವರ ದೂರು. ತೂತಿನ ತಳದಲ್ಲಿ ಅದು ಸಿಕ್ಕಿದ್ದು ದೀಪಾವಳಿಗೆ ಮನೆ ಸಾರಿಸುವಾಗ.